ಹೊಸ ಲ್ಯಾಪ್‌ಟಾಪ್, ಕಪ್ಪು ಪರದೆ: ಲಿನಕ್ಸ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಹೊರಟು ನಡುದಾರಿಯಲ್ಲಿ ನಿಂತವರವು. ಉಬುಂಟು, ಡೆಬಿಯನ್, ಮಿಂಟ್ ಮೂರೂ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಬೇರೆ ಬೇರೆ ರೂಪಗಳು. ‘ಮತ್ತೊಮ್ಮೆ ಮೊದಲಿನಿಂದ ಇನ್‌ಸ್ಟಾಲ್ ಮಾಡಿದರೆ ಸರಿಹೋದೀತೇ?’ ಎಂದು ಹಲವರು ಕೇಳಿದ್ದಾರೆ. ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಯಂತ್ರ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಗಮನಿಸಿದರೆ ಕಾರಣದ ಜಾಡು ಅಲ್ಲೇ ಸಿಗುತ್ತದೆ. ಅದನ್ನು ಹಾಗೇ ಬಿಟ್ಟು ಮತ್ತೆ ಇನ್‌ಸ್ಟಾಲ್ ಮಾಡಿದರೆ ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತದೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ; ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎನ್‌ವಿಡಿಯಾ ಆರ್‌ಟಿಎಕ್ಸ್ 4050 ಇರುವ ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11ರ ಜೊತೆಗೆ ಉಬುಂಟು 24.04 ಹಾಕಲು ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡೆ. ಅದರಿಂದ ಬೂಟ್ ಮಾಡಿದಾಗ ಮೆನು ಬರುತ್ತದೆ. ಮೊದಲ ಆಯ್ಕೆಯ ಮೇಲೆ ಎಂಟರ್ ಒತ್ತಿದರೆ ಪರದೆ ಕಪ್ಪಾಗಿ ಹಾಗೇ ಉಳಿಯುತ್ತದೆ, ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಲ್ಯಾಪ್‌ಟಾಪೇ ಕೆಟ್ಟಿದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಲ್ಯಾಪ್‌ಟಾಪ್ ಕೆಟ್ಟಿಲ್ಲ. ಮೆನು ಕಾಣಿಸಿಕೊಂಡಿದೆ ಎಂದ ಮೇಲೆ ಪೆನ್‌ಡ್ರೈವ್ ಸರಿಯಾಗಿ ಸಿದ್ಧವಾಗಿದೆ, ಫರ್ಮ್‌ವೇರ್ (ಯಂತ್ರ ಆನ್ ಆದೊಡನೆ ಮೊದಲು ಓಡುವ, ಅದರೊಳಗೇ ಇರುವ ತಂತ್ರಾಂಶ) ಅದನ್ನು ಒಪ್ಪಿಕೊಂಡಿದೆ. ತೊಡಕು ಅದರ ನಂತರದ ಹಂತದ್ದು. ಮೆನುವಿನವರೆಗೆ ಪರದೆಯ ಮೇಲೆ ಕಾಣುವುದೆಲ್ಲ ಫರ್ಮ್‌ವೇರ್ ಒದಗಿಸಿದ ಸರಳ ಚಿತ್ರವ್ಯವಸ್ಥೆಯಿಂದ ಬರುತ್ತದೆ. ಕರ್ನಲ್, ಎಂದರೆ ಲಿನಕ್ಸ್‌ನ ತಿರುಳು, ಏಳುತ್ತಿದ್ದಂತೆ ಪರದೆಯ ಹೊಣೆಯನ್ನು ಗ್ರಾಫಿಕ್ಸ್ ಚಿಪ್ ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ವಹಿಸಿಕೊಂಡು, ರೆಸಲ್ಯೂಷನ್ ಮೊದಲಾದವನ್ನು ತಾನೇ ನಿಗದಿ ಮಾಡುತ್ತದೆ. ಇದಕ್ಕೆ ಕರ್ನಲ್ ಮೋಡ್ ಸೆಟ್ಟಿಂಗ್ ಎಂದು ಹೆಸರು. ಉಬುಂಟುವಿನ ಪೆನ್‌ಡ್ರೈವ್‌ನಿಂದ ಬೂಟ್ ಆಗುವಾಗ ಎನ್‌ವಿಡಿಯಾ ಚಿಪ್‌ಗೆ ಸಾಮಾನ್ಯವಾಗಿ ಸಿಗುವುದು ನೂವೋ ಎಂಬ ಮುಕ್ತ ಡ್ರೈವರ್. ಹೊಸ ಚಿಪ್‌ಗಳನ್ನು ಎಬ್ಬಿಸುವ ಹೊತ್ತಿಗೆ ಅದು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತಡವರಿಸಿ ನಿಂತುಬಿಡುತ್ತದೆ. ಇದು ನೂವೋ ಬರೆದವರ ಅಸಡ್ಡೆಯಲ್ಲ; ಚಿಪ್‌ನ ಒಳವಿವರಗಳನ್ನು ಕಂಪನಿ ಬಹುಕಾಲ ಹಂಚಿಕೊಳ್ಳದಿದ್ದುದರಿಂದ ಅವರು ಬಹುಪಾಲು ಊಹೆ ಮತ್ತು ಪರೀಕ್ಷೆಯಿಂದಲೇ ಡ್ರೈವರ್ ಕಟ್ಟಬೇಕಾಯಿತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂವಾದದಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಎಲ್ಲರೆದುರು ಎನ್‌ವಿಡಿಯಾವನ್ನು ಬೈದದ್ದು ಇದೇ ಅಸಹಕಾರಕ್ಕೆ. ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳ (ಕರ್ನಲ್‌ನೊಳಗೆ ಸೇರಿ ಓಡುವ ಡ್ರೈವರ್ ಭಾಗಗಳ) ಮೂಲ ಕೋಡನ್ನು ಪ್ರಕಟಿಸಿದ್ದು 2022ರ ಮೇ ತಿಂಗಳಲ್ಲಿ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಪರದೆ ಕಪ್ಪಾದ ಮೇಲೆ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಕೀಲಿಯ ದೀಪ ಹತ್ತಿ ಆರುತ್ತಿದ್ದರೆ ವ್ಯವಸ್ಥೆ ಜೀವಂತವಾಗಿದೆ, ಚಿತ್ರ ಮಾತ್ರ ಕಾಣುತ್ತಿಲ್ಲ. ದೀಪವೂ ಅಲುಗದಿದ್ದರೆ ಡ್ರೈವರ್ ಇಡೀ ಕರ್ನಲ್ ಅನ್ನೇ ನಿಲ್ಲಿಸಿರುವ ಸಾಧ್ಯತೆ ಹೆಚ್ಚು. ಎರಡಕ್ಕೂ ಮೊದಲ ಮದ್ದು ಒಂದೇ: ಪೆನ್‌ಡ್ರೈವ್‌ನ ಮೆನುವಿನಲ್ಲಿ ಉಬುಂಟು ಸೇಫ್ ಗ್ರಾಫಿಕ್ಸ್ ಎಂಬ ಆಯ್ಕೆಯನ್ನು ಆರಿಸಿ. ಅದು ಕರ್ನಲ್‌ಗೆ ‘ನೋಮೋಡ್‌ಸೆಟ್’ ಎಂಬ ಸೂಚನೆ ಕೊಡುತ್ತದೆ. ಆಗ ಗ್ರಾಫಿಕ್ಸ್ ಡ್ರೈವರ್ ಪರದೆಯ ತಂಟೆಗೆ ಹೋಗದೆ, ಫರ್ಮ್‌ವೇರ್ ಕೊಟ್ಟ ಸರಳ ಚಿತ್ರವ್ಯವಸ್ಥೆಯೇ ಮುಂದುವರಿಯುತ್ತದೆ. ಅಕ್ಷರಗಳು ದಪ್ಪಗೆ ಕಂಡರೂ, ಕಿಟಕಿಗಳು ನಿಧಾನವಾಗಿ ಸರಿದರೂ ಚಿಂತಿಸಬೇಡಿ. ಇನ್‌ಸ್ಟಾಲ್ ಮಾಡಲು ಅಷ್ಟು ಸಾಕು. ಇನ್‌ಸ್ಟಾಲರ್ ನಡುವೆ ಗ್ರಾಫಿಕ್ಸ್ ಹಾಗೂ ವೈಫೈಗೆ ಬೇಕಾದ ಹೊರಗಿನ ತಂತ್ರಾಂಶಗಳನ್ನು ಸೇರಿಸಬೇಕೇ ಎಂದು ಕೇಳುತ್ತದೆ; ಅಲ್ಲಿ ಗುರುತು ಹಾಕಿ.

ಇನ್‌ಸ್ಟಾಲ್ ಮುಗಿದ ಮೇಲಿನ ಮೊದಲ ಬೂಟ್‌ನಲ್ಲಿ ಪರದೆ ಮತ್ತೆ ಕಪ್ಪಾದರೆ, ಲ್ಯಾಪ್‌ಟಾಪನ್ನು ಮರಳಿ ಆನ್ ಮಾಡಿ ಗ್ರಬ್ ಮೆನು (ಯಾವ ಕಾರ್ಯವ್ಯವಸ್ಥೆ ಏಳಬೇಕೆಂದು ಆರಿಸುವ ಪಟ್ಟಿ) ಬರುವಂತೆ ಮಾಡಿ. ಅದು ತಾನಾಗಿ ಬರದಿದ್ದರೆ ಕಂಪನಿಯ ಲಾಂಛನ ಮರೆಯಾಗುತ್ತಿದ್ದಂತೆ ಎಸ್ಕೇಪ್ ಒತ್ತಬೇಕು. ಉಬುಂಟು ಎಂಬ ಸಾಲಿನ ಮೇಲೆ ನಿಂತು ‘ಇ’ ಅಕ್ಷರದ ಕೀಲಿ ಒತ್ತಿದರೆ ಕೆಲವು ಸಾಲುಗಳು ತೆರೆದುಕೊಳ್ಳುತ್ತವೆ. ಅವುಗಳಲ್ಲಿ ‘ಲಿನಕ್ಸ್’ ಎಂಬ ಪದದಿಂದ ಆರಂಭವಾಗುವ ಸಾಲನ್ನು ಹುಡುಕಿ, ಅದರ ಕೊನೆಯಲ್ಲಿರುವ ‘ಕ್ವಯೆಟ್ ಸ್ಪ್ಲಾಶ್’ ನಂತರ ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಒಂದೇ ಪದವಾಗಿ ಟೈಪ್ ಮಾಡಿ ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ ಅನ್ವಯಿಸುವುದರಿಂದ ತಪ್ಪಾಗಿ ಟೈಪ್ ಮಾಡಿದರೂ ಏನೂ ಕೆಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್‌ನಲ್ಲೂ ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಇದ್ದರೆ ‘ನೋಮೋಡ್‌ಸೆಟ್’ ಬದಲು ‘ನೂವೋ.ಮೋಡ್‌ಸೆಟ್=0’ ಎಂದು ಕೊಡುವುದು ನನಗೆ ಹೆಚ್ಚು ಒಪ್ಪಿಗೆ, ಏಕೆಂದರೆ ಅದು ತೊಂದರೆ ಕೊಡುವ ಒಂದನ್ನಷ್ಟೇ ತಡೆದು ಇನ್ನೊಂದನ್ನು ಪೂರ್ಣ ಬಲದಲ್ಲಿ ಓಡಲು ಬಿಡುತ್ತದೆ. ನೂವೋ ಎಂಬುದರ ಇಂಗ್ಲಿಷ್ ಅಕ್ಷರಗಳು ಹೀಗೆ: ಎನ್, ಒ, ಯು, ವಿ, ಇ, ಎ, ಯು.

ಒಳಗೆ ಹೋದ ಮೇಲೆ, ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಎಂಬ ಆದೇಶ ಕೊಡಿ. ಅದು ನಿಮ್ಮ ಚಿಪ್‌ಗೆ ಒಪ್ಪುವ ಎನ್‌ವಿಡಿಯಾ ಡ್ರೈವರನ್ನು ತಾನೇ ಆರಿಸುತ್ತದೆ. ಕಂಪನಿಯ ಜಾಲತಾಣದಿಂದ ಡ್ರೈವರ್ ಇಳಿಸಿಕೊಂಡು ಹಾಕುವ ದಾರಿಯನ್ನು ಹಿಡಿಯಬೇಡಿ. ಹಾಗೆ ಹಾಕಿದ್ದು ಉಬುಂಟುವಿನ ಅಪ್‌ಡೇಟ್ ವ್ಯವಸ್ಥೆಗೆ ಗೊತ್ತಿರುವುದಿಲ್ಲ, ಮುಂದಿನ ಕರ್ನಲ್ ಬಂದ ದಿನ ಕೈಕೊಡುತ್ತದೆ. ಇದರ ನಂತರ ಬಂದ ಆರ್‌ಟಿಎಕ್ಸ್ 50 ಶ್ರೇಣಿಯ ಚಿಪ್ ಇರುವವರು ಮಾತ್ರ ಒಂದು ವಿಷಯ ಗಮನಿಸಬೇಕು: ಆ ಚಿಪ್‌ಗಳು ಕಂಪನಿಯ ಮುಕ್ತ ಮಾಡ್ಯೂಲ್‌ನೊಂದಿಗೆ ಮಾತ್ರ ಕೆಲಸ ಮಾಡುತ್ತವೆ, ಆದ್ದರಿಂದ ಹೆಸರಿನ ಕೊನೆಯಲ್ಲಿ ‘ಓಪನ್’ ಎಂದಿರುವ ಡ್ರೈವರನ್ನೇ ಹಾಕಿಕೊಳ್ಳಬೇಕು.

ಇಲ್ಲಿ ಫರ್ಮ್‌ವೇರ್‌ನ ಸುರಕ್ಷತಾ ಸೌಲಭ್ಯವಾದ ಸೆಕ್ಯೂರ್ ಬೂಟ್ ಅಡ್ಡ ಬರಬಹುದು. ಅದು ಆನ್ ಇರುವಾಗ, ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಉಬುಂಟುವನ್ನು ಹೊರತರುವ ಕ್ಯಾನಾನಿಕಲ್ ಸಂಸ್ಥೆ ಮೊದಲೇ ಸಹಿ ಹಾಕಿ ಕೊಡುವ ಎನ್‌ವಿಡಿಯಾ ಮಾಡ್ಯೂಲ್ ಬಂದಿದ್ದರೆ ನಿಮಗೆ ಇದರ ಅರಿವೂ ಆಗುವುದಿಲ್ಲ. ಮಾಡ್ಯೂಲ್ ನಿಮ್ಮ ಯಂತ್ರದಲ್ಲೇ ಸಿದ್ಧವಾಗುವ ಡಿಕೆಎಂಎಸ್ ಬಗೆಯದಾದರೆ ಮಾತ್ರ, ಅದಕ್ಕೆ ಹಾಕುವ ಸಹಿಯ ಕೀಲಿಯನ್ನು ಫರ್ಮ್‌ವೇರ್ ಮಟ್ಟದಲ್ಲಿ ನೀವೇ ನೋಂದಾಯಿಸಬೇಕು. ಇನ್‌ಸ್ಟಾಲ್ ವೇಳೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಬೂಟ್ ಆದಾಗ ನೀಲಿ ಪರದೆಯೊಂದು ಬಂದು 10 ಸೆಕೆಂಡ್ ಮಾತ್ರ ಕಾಯುತ್ತದೆ. ಆ ಅವಧಿಯಲ್ಲಿ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಬಣ್ಣ ಕಂಡೊಡನೆ ವಿಂಡೋಸ್ ಕೆಟ್ಟಿತೆಂದು ಗಾಬರಿಯಾಗಿ ಪವರ್ ಬಟನ್ ಒತ್ತುವವರೇ ಹೆಚ್ಚು. ಅವಕಾಶ ತಪ್ಪಿಹೋದರೆ ‘ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ’ ಎಂದು ಕೊಟ್ಟು ಮರುಬೂಟ್ ಮಾಡಿದರೆ ಆ ಪರದೆ ಮತ್ತೆ ಬರುತ್ತದೆ.

ಕೊನೆಗೆ ‘ಎನ್‌ವಿಡಿಯಾ-ಎಸ್‌ಎಂಐ’ ಎಂಬ ಆದೇಶ ಕೊಟ್ಟಾಗ ಚಿಪ್‌ನ ಹೆಸರಿರುವ ಕೋಷ್ಟಕ ಕಂಡರೆ ಡ್ರೈವರ್ ಕೂತಿದೆ ಎಂದರ್ಥ. ‘ನೋಮೋಡ್‌ಸೆಟ್’ ಎಂಬುದನ್ನು ಗ್ರಬ್‌ನ ಕಾನ್ಫಿಗರೇಶನ್ ಫೈಲಿನಲ್ಲಿ ಶಾಶ್ವತವಾಗಿ ಬರೆದಿಡಲು ಕೆಲವರು ಸಲಹೆ ಕೊಡುತ್ತಾರೆ. ಡ್ರೈವರ್ ಬಂದ ಮೇಲೂ ಅದನ್ನು ಉಳಿಸಿಕೊಂಡರೆ ದುಬಾರಿ ಗ್ರಾಫಿಕ್ಸ್ ಚಿಪ್ ಸುಮ್ಮನಿದ್ದು ಚಿತ್ರ ಬರೆಯುವ ಕೆಲಸವನ್ನೆಲ್ಲ ಪ್ರೊಸೆಸರ್ ಮಾಡಬೇಕಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಅದು ಅಲ್ಲಿ ಇದ್ದರೆ ತೆಗೆದು ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ.

ಪ್ರಶ್ನೆ: ಶಾಲೆಯ ಕೆಲಸಕ್ಕೆಂದು ಕೊಂಡ ಲ್ಯಾಪ್‌ಟಾಪಿನಲ್ಲಿ ಇಂಟೆಲ್ 13ನೇ ಪೀಳಿಗೆಯ ಪ್ರೊಸೆಸರ್ ಇದೆ. ಉಬುಂಟು ಇನ್‌ಸ್ಟಾಲರ್ ತೆರೆಯಿತು, ಆದರೆ ಡಿಸ್ಕ್ ತೋರಿಸುವ ಬದಲು ಆರ್‌ಎಸ್‌ಟಿ ಆಫ್ ಮಾಡಿ ಬನ್ನಿ ಎಂದಿತು. ಪರಿಚಯದವರೊಬ್ಬರು ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿಕೊಟ್ಟರು. ಈಗ ವಿಂಡೋಸ್ ನೀಲಿ ಪರದೆ ತೋರಿಸಿ ಮತ್ತೆ ಮತ್ತೆ ಮರುಬೂಟ್ ಆಗುತ್ತಿದೆ. ಮಕ್ಕಳ ಅಂಕಪಟ್ಟಿಗಳೆಲ್ಲ ಅದರಲ್ಲಿವೆ.
— ಶಿಕ್ಷಕರೊಬ್ಬರು, ಶಿರಸಿ

ಉತ್ತರ: ಅಂಕಪಟ್ಟಿಗಳು ಎಲ್ಲಿಯೂ ಹೋಗಿಲ್ಲ. ಬಯಾಸ್‌ಗೆ, ಎಂದರೆ ಫರ್ಮ್‌ವೇರ್‌ನ ಸೆಟ್ಟಿಂಗ್ ಪುಟಕ್ಕೆ, ಹೋಗಿ ಆಫ್ ಮಾಡಿದ್ದನ್ನು ಮೊದಲಿನಂತೆ ಆನ್ ಮಾಡಿದರೆ ವಿಂಡೋಸ್ ಮರಳಿ ಏಳುತ್ತದೆ. ಎದ್ದೊಡನೆ ಅಂಕಪಟ್ಟಿಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಂಡು, ಆಮೇಲೆ ಮುಂದಿನದನ್ನು ಓದಿ.

ಇಂಟೆಲ್‌ನ 11ನೇ ಪೀಳಿಗೆಯಿಂದೀಚೆಗೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ (ವೇಗದ ಎಸ್‌ಎಸ್‌ಡಿ) ನೇರವಾಗಿ ಕಾಣಿಸದೆ ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ. ಅದರ ಮೇಲೆ ಕೆಲಸ ಮಾಡುವ ತಂತ್ರಾಂಶವೇ ಆರ್‌ಎಸ್‌ಟಿ. ವಿಎಂಡಿಯನ್ನು ಬಲ್ಲ ಡ್ರೈವರ್ ಇಂದಿನ ಕರ್ನಲ್‌ಗಳಲ್ಲಿ ಇದೆಯಾದರೂ ಇನ್‌ಸ್ಟಾಲರ್ ಆರ್‌ಎಸ್‌ಟಿಯನ್ನು ಕಂಡೊಡನೆ ಹಿಂದೆ ಸರಿಯುತ್ತದೆ. ಒಂದೇ ಡಿಸ್ಕ್ ಇರುವ ಲ್ಯಾಪ್‌ಟಾಪಿನಲ್ಲಿ ಈ ವ್ಯವಸ್ಥೆಯಿಂದ ಬಳಕೆದಾರನಿಗೆ ಆಗುವ ಲಾಭ ಅತ್ಯಲ್ಪ. ಕಾರ್ಖಾನೆಯಿಂದ ಹಾಗೇ ಬರುತ್ತದೆ ಎಂಬುದೇ ಅದು ಆನ್ ಇರಲು ಕಾರಣ. ಎರಡು ಡಿಸ್ಕ್‌ಗಳನ್ನು ರೇಡ್ ಆಗಿ, ಎಂದರೆ ಒಂದೇ ಡಿಸ್ಕಿನಂತೆ ಕಾಣುವ ಹಾಗೆ, ಜೋಡಿಸಿದ ಯಂತ್ರವಾದರೆ ಮಾತ್ರ ಇದನ್ನು ಮುಟ್ಟಕೂಡದು, ಅಲ್ಲಿ ದತ್ತಾಂಶವೇ ಹೋಗುತ್ತದೆ.

ವಿಂಡೋಸ್ ಏಕೆ ಬಿತ್ತೆಂದರೆ, ಅದು ಏಳುವ ಹೊತ್ತಿಗೆ ಆರ್‌ಎಸ್‌ಟಿ ಡ್ರೈವರನ್ನು ಮಾತ್ರ ಎತ್ತಿಕೊಳ್ಳುವಂತೆ ಹೊಂದಿಸಿಕೊಂಡಿತ್ತು. ಡಿಸ್ಕ್ ಸಾಮಾನ್ಯ ಎನ್‌ವಿಎಂಇ ಆಗಿ ಎದುರು ನಿಂತಾಗ ಅದನ್ನು ಓದಲು ಕೈಯಲ್ಲಿ ಡ್ರೈವರ್ ಇರಲಿಲ್ಲ. ಆದ್ದರಿಂದ ಆಫ್ ಮಾಡುವ ಮೊದಲು ವಿಂಡೋಸ್‌ಗೆ ತಿಳಿಸಬೇಕು. ವಿಂಡೋಸ್‌ನಲ್ಲಿ ‘ಎಂಎಸ್‌ಕಾನ್ಫಿಗ್’ ತೆರೆದು, ಬೂಟ್ ಎಂಬ ವಿಭಾಗದಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ ಮರುಬೂಟ್ ಮಾಡಿ, ನೇರವಾಗಿ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ. ಈಗ ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ತನಗೆ ಬೇಕಾದ ಸಾಮಾನ್ಯ ಡ್ರೈವರನ್ನು ಹೊಂದಿಸಿಕೊಳ್ಳುತ್ತದೆ. ಬಳಿಕ ಅದೇ ಗುರುತನ್ನು ತೆಗೆದು ಮರುಬೂಟ್ ಮಾಡಿದರೆ ಎಂದಿನಂತೆ ನಡೆಯುತ್ತದೆ. ಸೇಫ್ ಮೋಡ್‌ನಲ್ಲಿ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ, ಖಾತೆಯ ಪೂರ್ಣ ಪಾಸ್‌ವರ್ಡ್ ನೆನಪಿನಲ್ಲಿರಲಿ. ಬಯಾಸ್‌ನಲ್ಲಿ ವಿಎಂಡಿ ಎಂಬ ಸಾಲೇ ಕಾಣದ ಲ್ಯಾಪ್‌ಟಾಪ್‌ಗಳೂ ಇವೆ. ಅಂಥ ಕೆಲವಲ್ಲಿ ಮೇನ್ ವಿಭಾಗದಲ್ಲಿದ್ದು ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಡಗಿದ ಸಾಲು ಹೊರಬರುತ್ತದೆ.

ಇದಕ್ಕೆಲ್ಲ ಮೊದಲು ಮಾಡಬೇಕಾದ ಕೆಲಸವೊಂದಿದೆ, ಈ ಅಂಕಣದ ಉಳಿದ ಓದುಗರಿಗೂ ಅದು ಸಲ್ಲುತ್ತದೆ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುವುದು ಈಗ ಸಾಮಾನ್ಯ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಗಲಿ ಬೂಟ್ ಕ್ರಮವಾಗಲಿ ಬದಲಾದದ್ದನ್ನು ಅದು ಗಮನಿಸಿದರೆ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ, ಅದಿಲ್ಲದೆ ಕಡತಗಳನ್ನು ಯಾರೂ ತೆರೆಯಲಾರರು. ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಬಯಾಸ್ ಮುಟ್ಟುವ ಮುನ್ನ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೇ ಲ್ಯಾಪ್‌ಟಾಪಿನೊಳಗಿನ ಫೈಲಿನಲ್ಲಿ ಅಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನೂ ಆಫ್ ಮಾಡಿ, ಇಲ್ಲವಾದರೆ ಅದು ಡಿಸ್ಕನ್ನು ಅರ್ಧ ನಿದ್ದೆಯಲ್ಲಿ ಬಿಟ್ಟುಹೋಗುತ್ತದೆ ಮತ್ತು ವಿಂಡೋಸ್‌ನ ಪಾರ್ಟಿಷನ್‌ಗೆ ಲಿನಕ್ಸ್‌ನಿಂದ ಏನನ್ನೂ ಬರೆಯಲಾಗುವುದಿಲ್ಲ.

ಪ್ರಶ್ನೆ: ಇನ್‌ಸ್ಟಾಲ್ ಯಶಸ್ವಿಯಾಯಿತೆಂದು ಪರದೆ ಹೇಳಿತು. ಆದರೆ ಲ್ಯಾಪ್‌ಟಾಪ್ ಆನ್ ಮಾಡಿದರೆ ನೇರವಾಗಿ ವಿಂಡೋಸ್‌ಗೇ ಹೋಗುತ್ತದೆ. ಉಬುಂಟು ಎಲ್ಲಿ ಹೋಯಿತು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಡಿಸ್ಕಿನಲ್ಲೇ ಇದೆ, ಫರ್ಮ್‌ವೇರ್ ಅದರ ಬಾಗಿಲಿಗೆ ಹೋಗುತ್ತಿಲ್ಲ, ಅಷ್ಟೆ. ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇರುವ ಯಂತ್ರಗಳಲ್ಲಿ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂಬ ಚಿಕ್ಕ ಫ್ಯಾಟ್32 ಪಾರ್ಟಿಷನ್ ಇರುತ್ತದೆ. ವಿಂಡೋಸ್‌ಗೆ ಒಂದು, ಉಬುಂಟುಗೆ ಒಂದು ಎಂದು ಅದರೊಳಗೆ ಬೇರೆ ಬೇರೆ ಫೋಲ್ಡರ್‌ಗಳಿದ್ದು, ಯಾವುದನ್ನು ಮೊದಲು ಓಡಿಸಬೇಕೆಂಬ ಪಟ್ಟಿಯನ್ನು ಫರ್ಮ್‌ವೇರ್ ತನ್ನ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಲ್ಯಾಪ್‌ಟಾಪ್ ಆನ್ ಆಗುವಾಗ ಬೂಟ್ ಮೆನುವಿನ ಕೀಲಿ ಒತ್ತಿ ನೋಡಿ. ಕಂಪನಿಗೆ ತಕ್ಕಂತೆ ಅದು ಎಫ್12, ಎಫ್9 ಅಥವಾ ಎಸ್ಕೇಪ್ ಆಗಿರುತ್ತದೆ. ಆ ಪಟ್ಟಿಯಲ್ಲಿ ಉಬುಂಟು ಎಂಬ ಹೆಸರಿದ್ದರೆ ಬಯಾಸ್‌ನಲ್ಲಿ ಅದನ್ನು ಮೇಲಕ್ಕೆ ಏರಿಸಿದರೆ ಕೆಲಸ ಮುಗಿಯಿತು. ಬಯಾಸ್‌ನಲ್ಲಿ ಏರಿಸಲಾಗದಿದ್ದರೆ ಉಬುಂಟುವಿಗೆ ಹೋಗಿ ‘ಸುಡೊ ಇಎಫ್‌ಐಬೂಟ್‌ಎಂಜಿಆರ್’ ಎಂದು ಕೊಟ್ಟು ಎರಡೂ ವ್ಯವಸ್ಥೆಗಳ ನಾಲ್ಕು ಅಂಕಿಗಳ ಸಂಖ್ಯೆಗಳನ್ನು ಗುರುತಿಸಿಕೊಂಡು, ಅದೇ ಆದೇಶಕ್ಕೆ ‘-ಒ’ ಸೇರಿಸಿ ಉಬುಂಟುವಿನ ಸಂಖ್ಯೆ ಮೊದಲು ಬರುವಂತೆ, ನಡುವೆ ಅಲ್ಪವಿರಾಮ ಹಾಕಿ ಬರೆಯಿರಿ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಎರಡು ಸಾಧ್ಯತೆಗಳಿವೆ. ಪೆನ್‌ಡ್ರೈವ್ ಹಳೆಯ ಲೆಗಸಿ ವಿಧಾನದಲ್ಲಿ ಬೂಟ್ ಆಗಿ, ಉಬುಂಟು ಕೂಡ ಅದೇ ವಿಧಾನದಲ್ಲಿ ಇನ್‌ಸ್ಟಾಲ್ ಆಗಿರಬಹುದು. ವಿಂಡೋಸ್ ಯುಇಎಫ್‌ಐನಲ್ಲೂ ಉಬುಂಟು ಲೆಗಸಿಯಲ್ಲೂ ಇದ್ದರೆ ಒಂದು ಇನ್ನೊಂದಕ್ಕೆ ಕಾಣುವುದಿಲ್ಲ. ಮರಳಿ ಇನ್‌ಸ್ಟಾಲ್ ಮಾಡುವುದೇ ಸುಲಭದ ದಾರಿ ಎನ್ನಬಹುದಾದ ಅಪರೂಪದ ಸಂದರ್ಭ ಇದು. ಎರಡನೆಯದು, ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಸೆಕ್ಯೂರ್ ಬೂಟ್ ಆನ್ ಇರುವಾಗ ತಾನು ನಂಬಿದ ಫೈಲುಗಳನ್ನು ಮಾತ್ರ ಪಟ್ಟಿಗೆ ಸೇರಿಸುತ್ತದೆ. ಅಲ್ಲಿ ಮೊದಲು ಬಯಾಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿದ ಮೇಲಷ್ಟೇ, ಯುಇಎಫ್‌ಐ ಫೈಲನ್ನು ನಂಬಿಕೆಗೆ ಸೇರಿಸುವ ಆಯ್ಕೆ ತೆರೆದುಕೊಳ್ಳುತ್ತದೆ. ಉಬುಂಟು ಫೋಲ್ಡರ್‌ನಲ್ಲಿರುವ ‘ಶಿಮ್’ ಎಂದು ಆರಂಭವಾಗುವ ಫೈಲನ್ನು ಸೇರಿಸಬೇಕು. ಆ ಪಾಸ್‌ವರ್ಡ್ ಮರೆತರೆ ಸರ್ವಿಸ್ ಸೆಂಟರ್‌ಗೆ ಅಲೆಯಬೇಕಾಗುವುದರಿಂದ ಕೆಲಸವಾದ ಕೂಡಲೇ ಅದನ್ನು ತೆಗೆದುಹಾಕಿ.

ಇದರ ತಿರುವುಮುರುವು ಪ್ರಶ್ನೆಯನ್ನು ಇನ್ನಿಬ್ಬರು ಕೇಳಿದ್ದಾರೆ: ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣುತ್ತಿಲ್ಲ. 2021ರಲ್ಲಿ ಬಂದ ಗ್ರಬ್ 2.06 ಆವೃತ್ತಿಯಿಂದ, ಬೇರೆ ಕಾರ್ಯವ್ಯವಸ್ಥೆಗಳನ್ನು ಹುಡುಕುವ ಒಎಸ್-ಪ್ರೋಬರ್ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ‘ಇಟಿಸಿ’ ಫೋಲ್ಡರ್‌ನ ‘ಡಿಫಾಲ್ಟ್’ ಒಳಗಿರುವ ‘ಗ್ರಬ್’ ಎಂಬ ಫೈಲಿನಲ್ಲಿ ‘ಗ್ರಬ್_ಡಿಸೇಬಲ್_ಒಎಸ್_ಪ್ರೋಬರ್=ಫಾಲ್ಸ್’ ಎಂದು ಬರೆದು, ಸಮ ಚಿಹ್ನೆಯ ಎಡಭಾಗವನ್ನು ದೊಡ್ಡಕ್ಷರದಲ್ಲಿಟ್ಟು, ‘ಸುಡೊ ಅಪ್‌ಡೇಟ್-ಗ್ರಬ್’ ಕೊಟ್ಟರೆ ವಿಂಡೋಸ್ ಮೆನುವಿಗೆ ಬರುತ್ತದೆ.

ಪ್ರಶ್ನೆ: ಇಂಟೆಲ್ ಕೋರ್ ಅಲ್ಟ್ರಾ ಪ್ರೊಸೆಸರ್‌ನ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ 12 ಹಾಕಿದೆ. ಬೂಟ್ ಆಗುತ್ತದೆ, ಆದರೆ ವೀಡಿಯೊ ಎಳೆದೆಳೆದು ಓಡುತ್ತದೆ, ಪರದೆಯ ಬೆಳಕು ಕಡಿಮೆಯಾಗುವುದಿಲ್ಲ, ಹೊರಗಿನ ಮಾನಿಟರ್ ಗುರುತಾಗುವುದಿಲ್ಲ. ಕರ್ನಲ್‌ಗೆ ‘ಫೋರ್ಸ್_ಪ್ರೋಬ್’ ಎಂಬ ಸೂಚನೆ ಸೇರಿಸುವಂತೆ ಗೆಳೆಯರು ಹೇಳುತ್ತಿದ್ದಾರೆ.
— ಕನ್ನಡಿಗರೊಬ್ಬರು, ಮ್ಯೂನಿಕ್, ಜರ್ಮನಿ

ಉತ್ತರ: ಮೂರೂ ಲಕ್ಷಣಗಳಿಗೆ ಮೂಲ ಒಂದೇ: ನಿಮ್ಮ ಗ್ರಾಫಿಕ್ಸ್‌ಗೆ ಡ್ರೈವರ್ ಅಂಟಿಕೊಂಡಿಲ್ಲ. ಬೆಳಕಿನ ನಿಯಂತ್ರಣವೂ ಹೊರಗಿನ ಮಾನಿಟರ್ ಕೂಡ ಅದೇ ಡ್ರೈವರ್ ಮೂಲಕ ಒದಗುವುದರಿಂದ ಅವೆರಡೂ ಜೊತೆಗೇ ಹೋಗಿವೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಗ್ರಾಫಿಕ್ಸ್ ಎದುರು ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಚಿತ್ರವನ್ನು ಪ್ರೊಸೆಸರೇ ಬರೆಯುತ್ತಿದೆ ಎಂದು ಖಚಿತ.

ಕಾರಣ ಕಾಲದ ಅಂತರ. ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್‌ನಲ್ಲಿ, ಕರ್ನಲ್ 6.1ರೊಂದಿಗೆ. ಕೋರ್ ಅಲ್ಟ್ರಾದ ಮೊದಲ ಶ್ರೇಣಿ, ಎಂದರೆ ಮೀಟಿಯರ್ ಲೇಕ್, ಮಾರುಕಟ್ಟೆಗೆ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಅದರ ಗ್ರಾಫಿಕ್ಸ್ ಯಾವ ಸೂಚನೆಯೂ ಇಲ್ಲದೆ ತಾನಾಗಿ ನಡೆಯುವಂತಾದದ್ದು ಕರ್ನಲ್ 6.7ರಲ್ಲಿ. ನಂತರ ಬಂದ ಲೂನಾರ್ ಲೇಕ್ ಚಿಪ್‌ಗಳಿಗೆ 6.12 ಬೇಕು. ‘ಫೋರ್ಸ್_ಪ್ರೋಬ್’ ಎಂಬುದು ಅಪೂರ್ಣವೆಂದು ಬರೆದವರೇ ಗುರುತು ಹಾಕಿದ ಬೆಂಬಲವನ್ನು ಒತ್ತಾಯದಿಂದ ಓಡಿಸುವ ಸೂಚನೆ, 6.1ರಂಥ ಹಳೆಯ ಕರ್ನಲ್‌ನಲ್ಲಿ ಅದನ್ನು ಬಳಸಿ ಪಡೆಯುವ ಪರದೆ ಯಾವಾಗ ಹೆಪ್ಪುಗಟ್ಟುತ್ತದೆಂದು ಹೇಳಲಾಗದು. ಕರ್ನಲ್ ಒಂದನ್ನೇ ಮೇಲಕ್ಕೇರಿಸಿದರೂ ಚಿತ್ರ ಬರೆಯುವ ಮೆಸಾ ಗ್ರಂಥಾಲಯ 2022ರ ಕಾಲದ್ದೇ ಉಳಿಯುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಕರ್ನಲ್ 6.12 ಇದೆ, ಮೆಸಾ ಕೂಡ ಹೊಸದು. ಅದಕ್ಕೆ ಹೋಗಿ. ಡೆಬಿಯನ್ ಭದ್ರವಾದದ್ದು ಎಂಬ ಮಾತು ನಿಜ, ಆದರೆ ಆ ಭದ್ರತೆ ಬಿಡುಗಡೆಯ ದಿನಕ್ಕೆ ಮೊದಲೇ ಇದ್ದ ಯಂತ್ರಗಳಿಗೆ ಹೆಚ್ಚು ಅನ್ವಯಿಸುತ್ತದೆ.

ಪ್ರಶ್ನೆ: ಪಾಠ ಮಾಡುವಾಗ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಜೋಡಿಸಿದರೆ ಉಬುಂಟುವಿನಲ್ಲಿ ಏನೂ ಬರುವುದಿಲ್ಲ, ವಿಂಡೋಸ್‌ನಲ್ಲಿ ಬರುತ್ತದೆ. ಬ್ಯಾಟರಿ ಉಳಿಸಲು ಎನ್‌ವಿಡಿಯಾವನ್ನು ಆಫ್ ಮಾಡಿ ಇಂಟೆಲ್ ಮಾತ್ರ ಇಟ್ಟುಕೊಂಡಿದ್ದೇನೆ.
— ಉಪನ್ಯಾಸಕಿಯೊಬ್ಬರು, ಕಲಬುರಗಿ

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ಎನ್‌ವಿಡಿಯಾ ಚಿಪ್‌ಗೆ ನೇರವಾಗಿ ಹೋಗಿರುತ್ತದೆ. ಚಿಪ್ ಆಫ್ ಆದರೆ ಕಿಂಡಿಯೂ ಸತ್ತಂತೆ. ‘ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮ್ಯಾಂಡ್’ ಎಂದು ಕೊಟ್ಟು ಮರುಬೂಟ್ ಮಾಡಿ. ದಿನನಿತ್ಯದ ಕೆಲಸ ಇಂಟೆಲ್ ಮೇಲೆಯೇ ನಡೆದು, ಬೇಕಾದಾಗ ಮಾತ್ರ ಎನ್‌ವಿಡಿಯಾ ಎಚ್ಚರಗೊಳ್ಳುತ್ತದೆ.

ಪ್ರಶ್ನೆ: ತಿಂಗಳುಗಟ್ಟಲೆ ಚೆನ್ನಾಗಿದ್ದ ಲಿನಕ್ಸ್ ಮಿಂಟ್ ನಿನ್ನೆಯ ಅಪ್‌ಡೇಟ್ ನಂತರ ಕಪ್ಪು ಪರದೆಯಲ್ಲಿ ನಿಂತಿದೆ. ಎನ್‌ವಿಡಿಯಾ ಡ್ರೈವರ್ ಹಾಕಿದ್ದೆ.
— ಓದುಗರೊಬ್ಬರು, ಮಂಗಳೂರು

ಉತ್ತರ: ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ತೆರೆದು, ಮೇಲಿರುವ ಹೊಸ ಕರ್ನಲ್‌ನ ಬದಲು ಅದರ ಕೆಳಗಿನ ಹಳೆಯದನ್ನು ಆರಿಸಿ, ರಿಕವರಿ ಮೋಡ್ ಎಂದಿಲ್ಲದ ಸಾಲನ್ನೇ ಆರಿಸಬೇಕು. ಅದು ಎದ್ದರೆ ‘ಡಿಕೆಎಂಎಸ್ ಸ್ಟೇಟಸ್’ ಎಂದು ಕೊಟ್ಟು ನೋಡಿ. ಪಟ್ಟಿಯಲ್ಲಿ ಹಳೆಯ ಕರ್ನಲ್ ಎದುರು ಮಾತ್ರ ಎನ್‌ವಿಡಿಯಾ ಇದ್ದು ಹೊಸದರ ಎದುರು ಇಲ್ಲದಿದ್ದರೆ, ಹೊಸ ಕರ್ನಲ್‌ಗೆ ಮಾಡ್ಯೂಲ್ ಸಿದ್ಧವಾಗಿಲ್ಲ ಎಂದಾಯಿತು. ಹೆಚ್ಚಿನ ಸಲ ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ (ಮಾಡ್ಯೂಲ್ ಸಿದ್ಧಪಡಿಸಲು ಬೇಕಾದ ಫೈಲುಗಳು) ಇಲ್ಲದಿರುವುದು ಅಥವಾ ಡ್ರೈವರ್ ಆವೃತ್ತಿ ಆ ಕರ್ನಲ್‌ಗಿಂತ ತೀರ ಹಳೆಯದಾಗಿರುವುದು ಕಾರಣ. ಹೆಡರ್ಸ್ ಹಾಕಿ, ಡ್ರೈವರ್ ಮ್ಯಾನೇಜರ್‌ನಲ್ಲಿ ಶಿಫಾರಸು ಮಾಡಿದ ಆವೃತ್ತಿಗೆ ಬದಲಾಯಿಸಿ. ಹೊಸ ಕರ್ನಲ್ ಸರಿಯಾಗಿ ಏಳುವುದನ್ನು ಕಣ್ಣಾರೆ ನೋಡುವವರೆಗೆ ಹಳೆಯದನ್ನು ಅಳಿಸಬೇಡಿ, ಡಿಸ್ಕಿನಲ್ಲಿ ಜಾಗ ಕಡಿಮೆಯಾಗಿದೆ ಎಂದು ಯಂತ್ರ ಎಷ್ಟೇ ಗೊಣಗಿದರೂ ಸರಿ.